ಎದೆಯ ಮೇಲೊಂದು ಮಾತು

ಬಂಡುಕೋರ ಸಾಹಿತಿಯೊಬ್ಬನ ಮಾತನ್ನು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದಾದ ತಗಡಿನ ಬಿಲ್ಲೆಯ ಮೇಲೆ ಅಚ್ಚು ಮಾಡಿಸಿ, ಅದನ್ನು ಅಂಗಿಗೋ ಹೆಗಲಚೀಲಕ್ಕೋ ಪಿನ್ನಿನಿಂದ ಸಿಕ್ಕಿಸಿಕೊಂಡು ತಿರುಗುವ ಹವ್ಯಾಸವನ್ನು ವಾಚಕರು ಈಚೆಗೆ ಕಂಡಿರಲೇಬೇಕು. ಪುಸ್ತಕದ ಅಂಗಡಿಗಳಲ್ಲಿ, ಸಾಹಿತ್ಯೋತ್ಸವಗಳ ಮಳಿಗೆಗಳಲ್ಲಿ ಇವು ದೊರೆಯುತ್ತವೆ. ಕೊಳ್ಳುವವರು ಹೆಚ್ಚಾಗಿ ಕಾಲೇಜಿನ ತರುಣ ತರುಣಿಯರು. ಮನೆಯ ಹಿರಿಯರು ನೋಡಿ ನಕ್ಕು ಸುಮ್ಮನಾಗುತ್ತಾರೆ, ಇಲ್ಲವೆ, "ಪುಸ್ತಕ ಓದುವುದು ಬಿಟ್ಟು ಇದೆಂಥ ವೇಷವಪ್ಪಾ!" ಎಂದು ಗೊಣಗುತ್ತಾರೆ. ಗೊಣಗಾಟದಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಈ ಪುಟ್ಟ ಬಿಲ್ಲೆಯ ಹಿಂದೆ ದೊಡ್ಡ ಕಥೆಯೊಂದುಂಟು. ಅದರ ಒಂದು ಎಳೆ ನಮ್ಮ ಸಿರಾ ಸೀಮೆಗೂ ಬಂದು ಮುಟ್ಟುತ್ತದೆ.

ಬಿಲ್ಲೆ ಎಂಬ ಮಾತು ನಮಗೆ ಹೊಸದೇನಲ್ಲ. ಕಚೇರಿಯ ಜವಾನನ ಪಟ್ಟಿಯ ಮೇಲಿನ ಹಿತ್ತಾಳೆಯ ಬಿಲ್ಲೆ, ರೈಲು ನಿಲ್ದಾಣದ ಹಮಾಲಿಯ ತೋಳಿನ ನಂಬರಿನ ಬಿಲ್ಲೆ, ಇವನ್ನು ನೋಡಿ ಬೆಳೆದವರು ನಮ್ಮಲ್ಲಿ ಇನ್ನೂ ಇದ್ದಾರೆ. ಮೈಸೂರು ಸಂಸ್ಥಾನದ ದಫೇದಾರನ ಎದೆಯ ಮೇಲೆ ಗಂಡಭೇರುಂಡವು ಹೊಳೆಯುತ್ತಿದ್ದಾಗ ಎದುರಿಗೆ ಬಂದ ರೈತನು ತನಗರಿವಿಲ್ಲದೆಯೇ ಪಕ್ಕಕ್ಕೆ ಸರಿಯುತ್ತಿದ್ದನು. ಆ ಬಿಲ್ಲೆಯನ್ನು ಧರಿಸಿದವನು ತಾನಾಗಿ ಆರಿಸಿಕೊಂಡದ್ದಲ್ಲ. ಅದು ಒಡೆಯನು ತೊಡಿಸಿದ್ದು, ಕೆಲಸ ಬಿಟ್ಟ ದಿನ ಹಿಂದಿರುಗಿಸಬೇಕಾದದ್ದು. ಅದಕ್ಕೂ ಹಿಂದೆ ವೀರರಿಗೂ ವಿದ್ವಾಂಸರಿಗೂ ಅರಸನು ಕಾಲಿಗೆ ತೊಡಿಸುತ್ತಿದ್ದ ಗಂಡಪೆಂಡೇರವಿತ್ತು. ಇವಕ್ಕೆಲ್ಲ ವಿರುದ್ಧವಾದದ್ದು ನಮ್ಮ ತಾಯಿತ. ತಾಮ್ರದ ತಗಡಿನ ಮೇಲೆ ಬರೆದ ಮಂತ್ರವನ್ನು ಕೊಳವೆಯೊಳಗೆ ಸುರುಳಿ ಸುತ್ತಿಟ್ಟು ಕಟ್ಟಿಕೊಳ್ಳುವವನು ಅಕ್ಷರವನ್ನು ಧರಿಸುವುದೇನೋ ನಿಜ, ಆದರೆ ಯಾರಿಗೂ ಕಾಣದಂತೆ. ಈಗಿನ ತರುಣರ ಬಿಲ್ಲೆಯಾದರೋ ಯಾರ ಅಪ್ಪಣೆಯೂ ಇಲ್ಲದೆ ತಾವೇ ಆರಿಸಿಕೊಂಡದ್ದು; ಎಲ್ಲರೂ ಓದಲೆಂದೇ ಧರಿಸುವುದು.

ಈ ಬಗೆಯ ಬಿಲ್ಲೆಯ ತಯಾರಿಕೆಗೆ ಹಕ್ಕುಪತ್ರ ಪಡೆದದ್ದು ಅಮೆರಿಕದ ನ್ಯೂವಾರ್ಕ್ ನಗರದ ವೈಟ್‌ಹೆಡ್ ಅಂಡ್ ಹೋಗ್ ಎಂಬ ಕಂಪೆನಿ, 1896ರಲ್ಲಿ. ಅದೇ ವರ್ಷ ನಡೆದ ಅಧ್ಯಕ್ಷ ಚುನಾವಣೆಯಲ್ಲಿ ಮೆಕಿನ್ಲಿ ಮತ್ತು ಬ್ರಯಾನ್ ಇಬ್ಬರ ಮುಖಗಳೂ ಸೆಲ್ಯುಲಾಯಿಡ್ ಹೊದಿಕೆಯ ಕೆಳಗೆ ಕುಳಿತು ಮತದಾರರ ಕೋಟುಗಳನ್ನೇರಿದವು. ಅನಂತರ ಅರುವತ್ತು ವರ್ಷಗಳ ಕಾಲ ಬಿಲ್ಲೆಯು ಹೆಚ್ಚಾಗಿ ಚುನಾವಣೆಗೂ ವ್ಯಾಪಾರಕ್ಕೂ ದುಡಿಯಿತು. ಅದಕ್ಕೆ ಬೇರೊಂದು ಜನ್ಮ ಬಂದದ್ದು 1958ರಲ್ಲಿ, ಇಂಗ್ಲೆಂಡಿನಲ್ಲಿ. ಆ ವರ್ಷದ ಈಸ್ಟರ್ ರಜೆಯಲ್ಲಿ ಅಣ್ವಸ್ತ್ರ ವಿರೋಧಿಗಳು ಲಂಡನ್ನಿನಿಂದ ಆಲ್ಡರ್‌ಮಾಸ್ಟನ್ನಿಗೆ ಪಾದಯಾತ್ರೆ ಹೊರಟಾಗ ಜೆರಾಲ್ಡ್ ಹೋಲ್ಟಮ್ ಎಂಬ ಕಲಾವಿದನು ವೃತ್ತದೊಳಗೆ ಮೂರು ಗೆರೆಗಳನ್ನೆಳೆದು, ಈಗ ಜಗತ್ತಿಗೆಲ್ಲ ಪರಿಚಿತವಾದ ಶಾಂತಿಯ ಚಿಹ್ನೆಯನ್ನು ರಚಿಸಿದನು. ಅದರ ಮೊದಲ ಬಿಲ್ಲೆಗಳನ್ನು ಎರಿಕ್ ಆಸ್ಟೆನ್ ಎಂಬವನು ಮಾಡಿದ್ದು ತಗಡಿನಿಂದಲ್ಲ, ಸುಟ್ಟ ಜೇಡಿಮಣ್ಣಿನಿಂದ. ಪ್ರತಿಯೊಂದು ಬಿಲ್ಲೆಯ ಜೊತೆಗೂ ಒಂದು ಚೀಟಿಯಿತ್ತು: ಅಣುಯುದ್ಧವೇ ನಡೆದುಹೋದರೆ ಆ ಬೆಂಕಿಯಲ್ಲಿ ಉಳಿಯಬಹುದಾದ ಮಾನವನ ಕೆಲವೇ ವಸ್ತುಗಳಲ್ಲಿ ಈ ಮಣ್ಣಿನ ಬಿಲ್ಲೆಯೂ ಒಂದು ಎಂದು. ಚೀಟಿಯನ್ನು ಓದಿದವನು ಬಿಲ್ಲೆಯನ್ನು ಹಗುರವಾಗಿ ಧರಿಸುವುದು ಸಾಧ್ಯವೆ?

ಮುಂದಿನ ಏಳೆಂಟು ವರ್ಷಗಳಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಬಿಲ್ಲೆಗಳ ಸುಗ್ಗಿಯೇ ಆಯಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸುವವು, ಕರಿಯರ ಹಕ್ಕನ್ನು ಸಾರುವವು, ಸುಮ್ಮನೆ ಹಾಸ್ಯಕ್ಕೆಂದು ಮಾಡಿದವು, ಎಲ್ಲವೂ ಒಂದೇ ಕೋಟಿನ ಮೇಲೆ. ಟೋಲ್ಕಿನ್ನನ ಕಾದಂಬರಿಯ ನಾಯಕ ಫ್ರೋಡೋ ಇನ್ನೂ ಬದುಕಿದ್ದಾನೆಂದು ಸಾರುವ ಬಿಲ್ಲೆಯೂ ಅವುಗಳಲ್ಲೊಂದು. ಟೋಲ್ಕಿನ್ನನಾದರೋ ಆಕ್ಸ್‌ಫರ್ಡಿನ ಸಂಪ್ರದಾಯನಿಷ್ಠ ಪ್ರಾಧ್ಯಾಪಕ. ಉದ್ದಗೂದಲಿನ ತರುಣರು ತನ್ನನ್ನು ಎದೆಯ ಮೇಲೆ ಹೊತ್ತು ಮೆರೆಯುವರೆಂದು ಕನಸಿನಲ್ಲಿಯೂ ಎಣಿಸಿರಲಾರ! ಆ ತರುಣರ ನಿಜವಾದ ಆರಾಧ್ಯ ಕವಿಗಳಲ್ಲೊಬ್ಬನಾದ ಅಲೆನ್ ಗಿನ್ಸ್‌ಬರ್ಗ್ 1962-63ರಲ್ಲಿ ನಮ್ಮ ದೇಶದಲ್ಲಿಯೇ ಇದ್ದನು. ಕಾಶಿಯ ಘಟ್ಟಗಳಲ್ಲಿ, ಕಲ್ಕತ್ತೆಯ ಕಾಫಿ ಅಂಗಡಿಗಳಲ್ಲಿ ದಿನ ಕಳೆದನು. ಕಲ್ಕತ್ತೆಯಲ್ಲಿ ಆಗ 'ಹಂಗ್ರಿ' ಪೀಳಿಗೆಯೆಂದು ತಮ್ಮನ್ನು ಕರೆದುಕೊಂಡ ತರುಣ ಕವಿಗಳಿದ್ದರು. ಇವರು ಮಾಡಿದ ಒಂದು ಕುಚೋದ್ಯವು ಬಿಲ್ಲೆಯನ್ನೂ ಮೀರಿಸುವಂಥದು. ರಾಕ್ಷಸರ, ಕೋಡಂಗಿಗಳ, ಪ್ರಾಣಿಗಳ ಕಾಗದದ ಮುಖವಾಡಗಳನ್ನು ಕೊಂಡು, ದಯವಿಟ್ಟು ತಮ್ಮ ಮುಖವಾಡವನ್ನು ತೆಗೆಯಬೇಕೆಂಬ ಬಿನ್ನಹವನ್ನು ಅವುಗಳ ಮೇಲೆ ಅಚ್ಚು ಮಾಡಿಸಿ, ಮಂತ್ರಿಗಳಿಗೂ ಹಿರಿಯ ಅಧಿಕಾರಿಗಳಿಗೂ ಕಳುಹಿಸಿದರು. 1964ರಲ್ಲಿ ಅವರಲ್ಲಿ ಕೆಲವರ ಬಂಧನವಾಯಿತು. ಮಲಯ್ ರಾಯ್‌ಚೌಧುರಿಗೆ ತನ್ನ ಕವಿತೆಯೊಂದಕ್ಕಾಗಿ ಶಿಕ್ಷೆಯಾಗಿ, 1967ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. ತಾನು ಧರಿಸುವ ಬದಲು ಎದುರಾಳಿಗೇ ಮಾತನ್ನು ತೊಡಿಸುವ ಈ ಉಪಾಯವನ್ನು ಮತ್ತೆ ಯಾರೂ ಅಷ್ಟು ಚೆನ್ನಾಗಿ ಪ್ರಯೋಗಿಸಿದಂತೆ ಕಾಣೆ.

ಇನ್ನು ಬಿಲ್ಲೆಯನ್ನು ಮಾಡುವ ಬಗೆಯನ್ನು ಸ್ವಲ್ಪ ನೋಡೋಣ, ಏಕೆಂದರೆ ನಮ್ಮ ವಿಚಾರದ ಗಂಟು ಅಲ್ಲಿಯೇ ಇದೆ. ಉಬ್ಬಿದ ತಗಡಿನ ಮುಚ್ಚಳ, ಅದರ ಮೇಲೆ ಅಚ್ಚಾದ ಕಾಗದದ ವೃತ್ತ, ಅದರ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ಕು, ಹಿಂದೆ ಪಿನ್ನಿರುವ ತಟ್ಟೆ. ಇವಿಷ್ಟನ್ನೂ ಕೈಯಿಂದ ಒತ್ತುವ ಯಂತ್ರದಲ್ಲಿಟ್ಟು ಎರಡು ಸಲ ಒತ್ತಿದರೆ ಬಿಲ್ಲೆ ಸಿದ್ಧ. ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಅಳತೆಗಳು 44 ಮತ್ತು 58 ಮಿಲಿಮೀಟರಿನವು. ಕಾಗದದ ವೃತ್ತವು ಬಿಲ್ಲೆಗಿಂತ ಸುಮಾರು ಒಂದು ಸೆಂಟಿಮೀಟರು ಅಗಲವಾಗಿರಬೇಕು. ಅಂಚು ಮಡಿಸಿಕೊಂಡು ಹಿಂದಕ್ಕೆ ಹೋಗುತ್ತದೆ. ಇದನ್ನರಿಯದೆ ಅಕ್ಷರಗಳನ್ನು ಅಂಚಿನವರೆಗೂ ಜೋಡಿಸಿದರೆ ಸಾಲಿನ ಮೊದಲೂ ಕೊನೆಯೂ ಮಡಿಕೆಯೊಳಗೆ ಸೇರಿ ಮಾಯವಾಗುತ್ತವೆ. ಇಂಗ್ಲಿಷಿನವರಿಗಿಂತ ಕನ್ನಡಿಗರ ಕಷ್ಟ ಇಲ್ಲಿ ಹೆಚ್ಚು. ನಮ್ಮ ಅಕ್ಷರಗಳು ತಲೆಯ ಮೇಲೆ ಗುಡಿಸನ್ನೂ ಕಾಲ ಕೆಳಗೆ ಒತ್ತನ್ನೂ ಹೊತ್ತವು. 'ಸ್ವಾತಂತ್ರ್ಯ' ಎಂಬ ಒಂದು ಪದವನ್ನು ಬರೆದು ನೋಡಿರಿ: ಅದರ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗದಿರಬೇಕಾದರೆ ಎಷ್ಟು ಜಾಗ ಬಿಡಬೇಕೆಂಬುದು ತಿಳಿಯುತ್ತದೆ. ದೂರದಿಂದ ಓದುವಷ್ಟು ದಪ್ಪವಾಗಿ ಹಾಕಿದರೆ ನಾಲ್ಕೈದು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಆದ್ದರಿಂದ ಸಾಹಿತಿಯ ಮಾತನ್ನು ಕತ್ತರಿಸಲೇಬೇಕಾಗುತ್ತದೆ. ಕತ್ತರಿಸಿದಾಗ ಯಾವ ಭಾಗ ಉಳಿಯುತ್ತದೆ, ಯಾವುದು ಹೋಗುತ್ತದೆ?

ನನ್ನ ಅನುಭವದಲ್ಲಿ, ಉಳಿಯುವುದು ಯಾರಿಗೂ ನೋವಾಗದ ಭಾಗ.

ಬಿಲ್ಲೆಯ ಯಂತ್ರ ಬರುವುದಕ್ಕೆ ಶತಮಾನಗಳ ಮೊದಲೇ ನಮ್ಮಲ್ಲಿ ಇಂಥ ಕತ್ತರಿ ಪ್ರಯೋಗ ನಡೆದಿದೆ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತನ್ನು ಕೇಳದ ಕನ್ನಡಿಗನುಂಟೆ? ಕಾರ್ಖಾನೆಯ ಬಾಗಿಲಲ್ಲಿ, ಬ್ಯಾಂಕಿನ ಗೋಡೆಯಲ್ಲಿ, ಸರಕಾರಿ ಕಚೇರಿಯಲ್ಲಿ ಮೇಜಿನ ಹಿಂದೆ, ಎಲ್ಲೆಲ್ಲಿಯೂ ಅದೇ. ಕೆಳಗೆ ಬಸವಣ್ಣನವರ ಹೆಸರಿರುವುದೂ ಉಂಟು. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಈ ಶರಣನು ನಿಜವಾಗಿ ಹೇಳಿದ್ದು ಗೋಡೆಯ ಹಲಗೆಗೆ ಸುಲಭವಾಗಿ ಒಗ್ಗುವಂಥದಲ್ಲ. ಕೆಲಸದಲ್ಲಿ ಮಗ್ನನಾದವನು ಗುರುವಿನ ದರ್ಶನವನ್ನೂ ಮರೆಯಬೇಕು, ಲಿಂಗದ ಪೂಜೆಯನ್ನೂ ಮರೆಯಬೇಕು, ಜಂಗಮನೇ ಎದುರಿಗೆ ಬಂದು ನಿಂತರೂ ಅವನ ಹಂಗು ಹರಿದಿರಬೇಕು ಎಂಬುದು ಅವನ ವಾದ. ಇಷ್ಟನ್ನೂ ಹೇಳಿದ ಮೇಲೆಯೇ, ಏಕೆಂದರೆ ಕೆಲಸವೇ ಕೈಲಾಸ ಎಂದು ಕಾರಣ ಕೊಡುತ್ತಾನೆ. ದಾಸೋಹಕ್ಕೆಂದು ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿ ತಂದಾಗ ಅದನ್ನು ಹಿಂದಕ್ಕೆ ಕಳುಹಿಸಿದವಳು ಅವನ ಹೆಂಡತಿ ಲಕ್ಕಮ್ಮ ಎಂಬ ಕಥೆಯನ್ನೂ ಇಲ್ಲಿ ನೆನೆಯಬೇಕು. ಇಂಥ ದಂಪತಿಗಳ ಮಾತಿನ ಬಾಲವನ್ನು ಮಾತ್ರ ಕತ್ತರಿಸಿ ಗೋಡೆಗೆ ನೇತುಹಾಕಿದಾಗ ಏನಾಯಿತು? ಗುರುವಿಗೂ ತಲೆಬಾಗಬೇಕಿಲ್ಲವೆಂದ ಶ್ರಮಜೀವಿಯ ಸ್ವಾಭಿಮಾನವು, ತಲೆಯೆತ್ತದೆ ದುಡಿಯೆಂದು ಒಡೆಯನು ಆಳಿಗೆ ಹೇಳುವ ಬುದ್ಧಿವಾದವಾಯಿತು.

ಈಗ ಸಿರಾ ಸೀಮೆಗೆ ಬರೋಣ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳೂ ಮಳೆಯನ್ನು ನೆಚ್ಚಿ ಕಡಲೆಕಾಯಿ ರಾಗಿ ಬೆಳೆಯುವ ಬಯಲು ಸೀಮೆ. ಬಂಡೆಗಳಿಗೆ ಬರವಿಲ್ಲ, ನೀರಿಗೆ ಬರ. ಸಿರಾ ತಾಲ್ಲೂಕಿನ ಬರಗೂರು ಎಂಬ ಹಳ್ಳಿಯ ಹೆಸರನ್ನು ತನ್ನ ಹೆಸರಿನ ಮುಂದಿಟ್ಟುಕೊಂಡ ರಾಮಚಂದ್ರಪ್ಪನವರು ಬಂಡಾಯ ಸಾಹಿತ್ಯ ಸಂಘಟನೆಯ ಸ್ಥಾಪಕರಲ್ಲಿ ಪ್ರಮುಖರು. ಅದು ಹುಟ್ಟಿದ ಸಂದರ್ಭವನ್ನು ಹಿರಿಯ ವಾಚಕರು ಬಲ್ಲರು. 1979ರಲ್ಲಿ ಧರ್ಮಸ್ಥಳದಲ್ಲಿ ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯ 51ನೆಯ ಸಾಹಿತ್ಯ ಸಮ್ಮೇಳನ. ಅಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆ ಬಂದಿತು, ಪರಿಷತ್ತು ಒಪ್ಪಲಿಲ್ಲ. ಒಪ್ಪದಿದ್ದರೇನಂತೆ, ನಮ್ಮದೇ ಸಮ್ಮೇಳನ ನಡೆಸುತ್ತೇವೆಂದು ಹೊರಟ ತರುಣರು ಆ ವರ್ಷದ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಸೇರಿದರು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಹೊರಬಂದು ಆಗ ನಾಲ್ಕು ವರ್ಷ. ಅವರ ಹಾಡುಗಳು ಪುಸ್ತಕಕ್ಕಿಂತ ಹೆಚ್ಚಾಗಿ ಮೆರವಣಿಗೆಗಳಲ್ಲಿ ಜೀವಿಸುತ್ತಿದ್ದ ಕಾಲವದು.

ಈ ಸಂಘಟನೆಗೊಂದು ಘೋಷವಾಕ್ಯ ಬೇಕಾಗಿತ್ತು. ಅದನ್ನು ಕೊಟ್ಟವರು ಡಿ. ಆರ್. ನಾಗರಾಜ್, ದೊಡ್ಡಬಳ್ಳಾಪುರದ ನೇಕಾರ ಮನೆತನದ, ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ತರುಣ. ವಾಕ್ಯವನ್ನು ಇಲ್ಲಿ ಉದ್ಧರಿಸಬೇಕಾದ ಅಗತ್ಯವಿಲ್ಲ, ಬಹುಮಂದಿಗೆ ಬಾಯಿಪಾಠವಾಗಿದೆ. ಅದಕ್ಕೆ ಎರಡು ಭಾಗಗಳುಂಟು. ಕಾವ್ಯವು ಕತ್ತಿಯಾಗಲೆಂಬುದು ಮೊದಲನೆಯದು. ಜನರ ನೋವಿಗೆ ಮರುಗುವ ಜೀವದ ಗೆಳೆಯನಾಗಲೆಂಬುದು ಎರಡನೆಯದು. ಇಂದು ಯಾರನ್ನಾದರೂ ಕೇಳಿ ನೋಡಿರಿ, ಥಟ್ಟನೆ ಬರುವುದು ಕತ್ತಿ. ಗೆಳೆಯನನ್ನು ನೆನಪಿಗೆ ತರಲು ಒಂದು ಕ್ಷಣ ಬೇಕಾಗುತ್ತದೆ. ಎರಡು ಪದದ ಮೊದಲ ಭಾಗವು ಬ್ಯಾನರಿಗೆ, ಭಾಷಣಕ್ಕೆ, ಬಿಲ್ಲೆಗೆ ಚೆನ್ನಾಗಿ ಹೊಂದುತ್ತದೆ. ಕತ್ತಿಗೆ ಹೊಳಪುಂಟು, ನೋವಿಗೆ ಮರುಗುವುದು ಹೊಳೆಯುವಂಥ ಕೆಲಸವಲ್ಲ. ಬಂಡಾಯವನ್ನು ಟೀಕಿಸಿದವರೂ ಕತ್ತಿಯನ್ನೇ ಹಿಡಿದು ಟೀಕಿಸಿದರು, ಹೊಗಳಿದವರೂ ಅದನ್ನೇ ಝಳಪಿಸಿದರು. ಮಾರಯ್ಯನ ಮಾತಿನಲ್ಲಿ ಉಗ್ರವಾದದ್ದು ಹೋಗಿ ಸೌಮ್ಯವಾದದ್ದು ಉಳಿಯಿತು. ನಾಗರಾಜರ ಮಾತಿನಲ್ಲಿ ಸೌಮ್ಯವಾದದ್ದು ಹೋಗಿ ಉಗ್ರವಾದದ್ದು ಉಳಿಯಿತು. ಹಾಗಾದರೆ ನಾನು ಮೇಲೆ ಹೇಳಿದ ಸೂತ್ರ ತಪ್ಪೆ? ಅಲ್ಲವೆಂದೇ ತೋರುತ್ತದೆ. ಸಭೆಯಲ್ಲಿ ಕತ್ತಿಯೆಂದು ಕೂಗುವುದರಿಂದ ಕೂಗುವವನಿಗೆ ಯಾವ ಹೊರೆಯೂ ಬೀಳುವುದಿಲ್ಲ. ಪಕ್ಕದ ಕೇರಿಯವನ ನೋವಿಗೆ ಪ್ರಾಣದ ಗೆಳೆಯನಾಗುವುದಕ್ಕೆ ಬೆಲೆ ತೆರಬೇಕು. ಎರಡು ಕಡೆಯೂ ಕತ್ತರಿಗೆ ಸಿಕ್ಕಿದ್ದು ಬೆಲೆ ಕೇಳುವ ಭಾಗವೇ.

ವಾಕ್ಯ ಬರೆದ ನಾಗರಾಜರು ಅಲ್ಲಿಯೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಅವರ ಚಿಂತನೆಯು ಗಾಂಧಿ ಅಂಬೇಡ್ಕರರ ನಡುವಿನ ವಾಗ್ವಾದಕ್ಕೆ, ಅಲ್ಲಿಂದ ಅಲ್ಲಮಪ್ರಭುವಿನ ಬೆಡಗಿಗೆ ಸಾಗಿತು. 1998ರ ಆಗಸ್ಟ್ 12ರಂದು ನಾಲ್ವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡರು. 'ಸಾಹಿತ್ಯ ಕಥನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಮರಣಾನಂತರ, 1999ರಲ್ಲಿ. ಮನುಷ್ಯನು ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ದೂರ ನಡೆದನು. ಅವನ ಅರ್ಧ ವಾಕ್ಯ ಮಾತ್ರ 1979ರಲ್ಲಿಯೇ ಎದೆಯುಬ್ಬಿಸಿ ನಿಂತಿದೆ.

ಪರಿಷತ್ತಿನ ಮೇಲೆ ಮುನಿದು ಹೊರಟವರ ಕಥೆ ಮುಂದೇನಾಯಿತು? 2015ರಲ್ಲಿ ಶ್ರವಣಬೆಳಗೊಳದ 81ನೆಯ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯನವರು ಅಧ್ಯಕ್ಷರಾದರು. ಮರುವರ್ಷ, 2016ರ ಡಿಸೆಂಬರಿನಲ್ಲಿ ರಾಯಚೂರಿನಲ್ಲಿ ನಡೆದ 82ನೆಯದಕ್ಕೆ ನಮ್ಮ ಬರಗೂರರು. ಗೋಷ್ಠಿ ಸಿಕ್ಕದೆ ಹೊರಗೆ ನಿಂತವರು ಸಾಲಾಗಿ ಎರಡು ಸಲ ರಥವೇರಿದರು! ಸಮ್ಮೇಳನವೆಂದ ಮೇಲೆ ಅಧ್ಯಕ್ಷರಿಂದ ಸ್ವಯಂಸೇವಕರವರೆಗೆ ಎಲ್ಲರ ಎದೆಯ ಮೇಲೂ ಬ್ಯಾಡ್ಜು ಇದ್ದದ್ದೇ. ಬ್ಯಾಡ್ಜಿಲ್ಲದವರಿಗೆ ಊಟದ ಸಾಲಿನಲ್ಲಿ ಏನಾಗುತ್ತದೆಂಬುದು ಹೋದವರಿಗೆಲ್ಲ ಗೊತ್ತು. ಇದನ್ನು ಬಂಡಾಯದ ಸೋಲೆನ್ನುವವರಿದ್ದಾರೆ. ನನಗೇನೋ ಪರಿಷತ್ತೇ ಮೂವತ್ತೇಳು ವರ್ಷ ನಡೆದು ಬಂದು ಅವರನ್ನು ಕೂಡಿಕೊಂಡಿತೆಂದು ತೋರುತ್ತದೆ.

ಕತ್ತರಿಗೆ ಸಿಕ್ಕದಂತೆ ಬರೆದವರೂ ನಮ್ಮಲ್ಲಿದ್ದಾರೆ. 1980ರಲ್ಲಿ ಜಾಹೀರಾತಿನ ಹಂಗಿಲ್ಲದ ವಾರಪತ್ರಿಕೆಯೊಂದನ್ನು ಹೊರಡಿಸಿ ಕನ್ನಡ ನಾಡಿನ ಮನೆ ಮನೆಯಲ್ಲಿ ಜಗಳ ಹಚ್ಚಿದ ಪಿ. ಲಂಕೇಶರು, ಅದರಲ್ಲಿಯೇ 'ನೀಲು' ಎಂಬ ಹೆಣ್ಣಿನ ಹೆಸರಿನಲ್ಲಿ ಕಿರುಗವಿತೆಗಳನ್ನು ಪ್ರಕಟಿಸುತ್ತಿದ್ದರು. ಕೆಲವು ಪುಟ್ಟ ಸಾಲುಗಳು, ಅಷ್ಟೆ. ಪ್ರೇಮ, ಚೇಷ್ಟೆ, ಸಾವಿನ ನೆನಪು ಎಲ್ಲವೂ ಅಷ್ಟರಲ್ಲಿಯೇ. ಬಿಲ್ಲೆಯ ಅಳತೆಗೇ ಹೊಲಿಸಿದಂತಿರುವ ಈ ಕವಿತೆಗಳನ್ನು ಇನ್ನಷ್ಟು ಚಿಕ್ಕದು ಮಾಡಹೋದರೆ ಏನೂ ಉಳಿಯುವುದಿಲ್ಲ. ಹಾಗೆಯೇ ಪಾವಗಡದ ಕಡೆಯ, ಮೂರು ದಿಕ್ಕಿನಲ್ಲಿ ಆಂಧ್ರವಿರುವ ಊರುಗಳಲ್ಲಿ ವೇಮನನ ತೆಲುಗು ಪದ್ಯವನ್ನು ಹೇಳಬಲ್ಲ ಮುದುಕರು ಸಿಕ್ಕುತ್ತಾರೆ. ಬ್ರೌನ್ ಸಾಹೇಬನು 1829ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸುವ ಮೊದಲೇ ಜನರ ನಾಲಗೆಯ ಮೇಲೆ ಇದ್ದ ಪದ್ಯಗಳು ಅವು. ಕೊನೆಯ ಸಾಲಿನಲ್ಲಿ ಕವಿಯ ಹೆಸರೇ ಕುಳಿತಿರುವುದರಿಂದ ಬಾಲ ಕತ್ತರಿಸಿದರೆ ಪದ್ಯವೇ ಕುಂಟುತ್ತದೆ. ಹೇಳುವವನು ಪೂರ್ತಿ ಹೇಳಿಯೇ ತೀರಬೇಕು. ವಿಗ್ರಹವನ್ನೂ ಕುಲವನ್ನೂ ಕಪಟ ಗುರುವನ್ನೂ ಹಂಗಿಸಿದ ಆ ಬಂಡುಕೋರನನ್ನು ಎದೆಗೆ ಸಿಕ್ಕಿಸಿಕೊಳ್ಳುವ ಗೋಜಿಲ್ಲದೆ ಬಾಯಲ್ಲಿಯೇ ಧರಿಸಿಕೊಂಡ ಜನ!

ಲಂಕೇಶರ ಮಗಳು, ಪತ್ರಕರ್ತೆ ಗೌರಿಯವರು 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಒಂದು ವಾರದ ಮೇಲೆ, ಸೆಪ್ಟೆಂಬರ್ 12ರಂದು, ಬೆಂಗಳೂರಿನಲ್ಲಿ ಸೇರಿದ ಸಾವಿರಾರು ಜನರು 'ನಾನೂ ಗೌರಿ' ಎಂಬ ಎರಡು ಪದಗಳನ್ನು ಹಣೆಗೆ ಕಟ್ಟಿಕೊಂಡು, ಕೈಯಲ್ಲಿ ಹಿಡಿದುಕೊಂಡು ನಡೆದರು. ಅವರ ಲೇಖನಗಳಿಂದ ಆಯ್ದ ಮಾತಲ್ಲ ಅದು. ಅವರ ವಿಚಾರಗಳನ್ನು ಒಪ್ಪದವರೂ ಆ ಗುಂಪಿನಲ್ಲಿ ಇದ್ದಿರಬಹುದು. ಆದರೆ ಬರೆದದ್ದಕ್ಕಾಗಿ ಒಬ್ಬಳನ್ನು ಕೊಂದ ಏಳನೆಯ ದಿನ ಅವಳ ಹೆಸರನ್ನು ಹಣೆಯ ಮೇಲೆ ಧರಿಸುವುದೆಂದರೇನೆಂದು ಕಟ್ಟಿಕೊಂಡವರೆಲ್ಲರಿಗೂ ಗೊತ್ತಿತ್ತು.

ಬೆಂಗಳೂರಿನಂಥ ನಗರದಲ್ಲಿ ಬಿಲ್ಲೆಯನ್ನು ಧರಿಸಿದವನನ್ನು ಯಾರೂ ತಡೆದು ಕೇಳುವುದಿಲ್ಲ. ಮಧುಗಿರಿ ತಾಲ್ಲೂಕಿನ ಪುರವರದಂಥ ಹೋಬಳಿ ಕೇಂದ್ರದ ಮಾತೇ ಬೇರೆ. ಹೆಸರಿನಲ್ಲಿ ಊರುಗಳಿಗೆಲ್ಲ ಶ್ರೇಷ್ಠವಾದದ್ದು, ಗಾತ್ರದಲ್ಲಿ ಎಲ್ಲರಿಗೆ ಎಲ್ಲರೂ ಗೊತ್ತಿರುವಷ್ಟು. ಅಲ್ಲಿ ಬಸ್ಸಿಳಿದ ಹುಡುಗನ ಎದೆಯ ಮೇಲೆ ಏನಾದರೂ ಬರೆದಿದ್ದರೆ ಟೀ ಅಂಗಡಿಯ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ: "ಏನ್ಲಾ ಮಗಾ, ಎದೆ ಮ್ಯಾಲೆ ಅದೇನ್ ಬರ್ಕೊಂಡಿದ್ದೀಯ? ಯಾರಂದಿದ್ದು ಅದು? ಯಾಕಂದ?" ಈ ಮೂರಕ್ಕೂ ಉತ್ತರ ಹೇಳಲಾರದವನು ಮಾರನೆಯ ದಿನ ಬಿಲ್ಲೆ ಬಿಚ್ಚಿಟ್ಟು ಬರುವನೆಂಬುದರಲ್ಲಿ ಸಂದೇಹವಿಲ್ಲ. ಇದೇ ಬೆಂಚಿನ ಮೇಲೆ ರೈತಸಂಘದ ಹಸಿರು ಶಾಲು ಹೊದ್ದವನೂ ಕುಳಿತಿರಬಹುದು. ಆ ಶಾಲಿನ ಮೇಲೆ ಒಂದು ಅಕ್ಷರವೂ ಇರುವುದಿಲ್ಲ. 1980ರಿಂದೀಚೆಗೆ ಅದನ್ನು ಕಂಡ ಕಚೇರಿಯ ಗುಮಾಸ್ತರು ಓದಿಕೊಳ್ಳಬೇಕಾದದ್ದನ್ನು ಓದಿಕೊಂಡೇ ಇದ್ದಾರೆ.

ನಗರದ ತರುಣನಿಗೆ ಇಂಥ ಬೆಂಚು ಸಿಕ್ಕದಿರುವುದೇ ಅವನ ದುರದೃಷ್ಟ. ಪೂರ್ಣಚಂದ್ರ ತೇಜಸ್ವಿಯವರ ಟೋಪಿ ಗಡ್ಡಗಳ ಚಿತ್ರದೊಂದಿಗೆ ಎಷ್ಟೋ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿವೆ, ಅಲ್ಲಿಂದ ಬಟ್ಟೆಗೂ ಬಿಲ್ಲೆಗೂ ಇಳಿಯುತ್ತಿವೆ. ಯಾವ ಪುಸ್ತಕದ ಯಾವ ಪುಟವೆಂದು ಕೇಳಿದರೆ ಮೌನ. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸಿ'ಗೆ ಬರೆದ ಮುನ್ನುಡಿಯಲ್ಲಿ ನವ್ಯದ ಜಾಡನ್ನೇ ಬಿಟ್ಟು ಹೊರಟೆನೆಂದ ಅವರು ಏಕೆ ಹಾಗೆಂದರೆಂಬುದು ಎರಡು ಸಾಲಿಗೆ ಇಳಿಯುವ ವಿಷಯವಲ್ಲ. ಅದನ್ನು ಓದಿಯೇ ತಿಳಿಯಬೇಕು.

ಬಿಲ್ಲೆ ಮಾಡುವವರಿಗೆ ನನ್ನದೊಂದು ಬೇಡಿಕೆಯಿದೆ. ಬಿಲ್ಲೆಯನ್ನು ಮಾರುವುದು ಸಾಮಾನ್ಯವಾಗಿ ಒಂದು ರಟ್ಟಿನ ಚೂರಿಗೆ ಸಿಕ್ಕಿಸಿ. ಆ ರಟ್ಟಿನ ಹಿಂಬದಿ ಖಾಲಿಯಾಗಿರುತ್ತದೆ, ಹೆಚ್ಚೆಂದರೆ ಅಂಗಡಿಯ ಹೆಸರಿರುತ್ತದೆ. ಆಸ್ಟೆನ್ನನು ತನ್ನ ಮಣ್ಣಿನ ಬಿಲ್ಲೆಯ ಜೊತೆಗೆ ಚೀಟಿಯಿಟ್ಟಂತೆ, ಅಲ್ಲಿ ಮಾತು ಬಂದ ಪುಸ್ತಕದ ಹೆಸರು, ವರ್ಷ, ಸಾಧ್ಯವಾದರೆ ಕತ್ತರಿಸಿಹೋದ ಉಳಿದರ್ಧವನ್ನು ಅಚ್ಚು ಮಾಡಿಸಬಾರದೇಕೆ? ಮಾರಯ್ಯನ ವಚನವು ಪೂರ್ತಿಯಾಗಿ ಎಂಟು ಹತ್ತು ಸಾಲಿಗೆ ಮೀರುವುದಿಲ್ಲ. ಅಂಗೈಯಗಲದ ರಟ್ಟಿನಲ್ಲಿ ಒತ್ತಕ್ಷರಗಳಿಗೆಲ್ಲ ಸಾಕಷ್ಟು ಜಾಗ ಬಿಟ್ಟು ಬರೆದರೂ ಹಿಡಿಸುತ್ತದೆ. ಖರ್ಚು ಹೆಚ್ಚಲಾರದು, ರಟ್ಟು ಹೇಗೂ ಬೇಕೇ ಬೇಕು.